ಗರಡಿಯ ಮಣ್ಣಿನಿಂದ ಬೆಳ್ಳಿತೆರೆಗೆ: ಪೈಲ್ವಾನ ನಟ ಎಂ.ಪಿ. ಶಂಕರ್ ಸ್ಮರಣೆ

ಕಲಬುರಗಿ: ಕನ್ನಡ ಚಿತ್ರರಂಗದ ಹಿರಿಯ ತಲೆಮಾರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. 2023ರ ಡಿಸೆಂಬರ್‌ನಲ್ಲಿ ಲೀಲಾವತಿ, 2024ರ ಏಪ್ರಿಲ್‌ನಲ್ಲಿ ದ್ವಾರಕೀಶ್, 2025ರ ಜುಲೈಯಲ್ಲಿ ಬಿ. ಸರೋಜಾದೇವಿ ಅಗಲಿದರು. ಇಂಥ ಪ್ರತಿಯೊಂದು ಸುದ್ದಿಯ ಬೆನ್ನಲ್ಲೇ ಕಪ್ಪು–ಬಿಳುಪಿನ ಹಳೆಯ ದೃಶ್ಯಗಳು ಮನೆಮನೆಯ ತೆರೆಯ ಮೇಲೆ ಮರಳಿ ಬರುತ್ತವೆ. ನಾಯಕ, ನಾಯಕಿ, ಹಾಸ್ಯನಟ ಹೀಗೆ ಒಬ್ಬೊಬ್ಬರ ಹೆಸರನ್ನೂ ಹಿರಿಯರು ಕಿರಿಯರಿಗೆ ಗುರುತಿಸಿ ಹೇಳುತ್ತಾರೆ. ಆ ಸಾಲಿನಲ್ಲಿ ಒಬ್ಬರನ್ನು ಮಾತ್ರ ಮುಖಕ್ಕಿಂತ ಮೊದಲು ಮೈಕಟ್ಟಿನಿಂದಲೇ ಗುರುತಿಸುವುದು ವಾಡಿಕೆ. ಅವರೇ ಮೈಸೂರಿನ ಪೈಲ್ವಾನ ಎಂ.ಪಿ. ಶಂಕರ್.

ಕುಸ್ತಿಪಟುವಾಗಿ ಬೆಳೆದು, ನಟನಾಗಿ ಹೆಸರು ಮಾಡಿ, ನಿರ್ಮಾಪಕರಾಗಿ ಕಾಡನ್ನು ಕನ್ನಡದ ತೆರೆಗೆ ತಂದ ಶಂಕರ್ 2008ರ ಜುಲೈ 17ರಂದು ನಿಧನರಾದರು. ಅವರ ಜೀವನ ಮೈಸೂರು ಸೀಮೆಯದು. ಕಲಬುರಗಿಗೂ ಮೈಸೂರಿಗೂ ನಡುವೆ ರಾಜ್ಯದ ಉದ್ದಕ್ಕೂ ಚಾಚಿದ ದೂರವಿದೆ. ಆದರೂ ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದವರೆಗೆ, ಅಲ್ಲಿಂದಾಚೆ ಬಸವಕಲ್ಯಾಣದವರೆಗೆ, ಈ ಭಾಗದ ಜನ ತಮ್ಮವನೆಂದು ಒಪ್ಪಿಕೊಳ್ಳಲು ಕಾರಣವಾಗಬಲ್ಲ ಅಂಶಗಳು ಅವರ ಬದುಕಿನಲ್ಲಿ ಹಲವಿವೆ. ಒಂದು ಕುಸ್ತಿ. ಇನ್ನೊಂದು, ಹುಟ್ಟಿನ ಮೇಲು–ಕೀಳನ್ನು ಪ್ರಶ್ನಿಸುವ ಒಂದು ಹಾಡು. ಮತ್ತೊಂದು, ಕನ್ನಡ ನಾಡಿನ ಹೆಸರಿನೊಂದಿಗೆ ಬೆರೆತುಹೋದ ಒಂದು ಚಿತ್ರ.

ಮೈಸೂರಿನ ಗರಡಿ

ಶಂಕರ್ ಹುಟ್ಟಿದ್ದು 1935ರಲ್ಲಿ, ಮೈಸೂರಿನಲ್ಲಿ. ಅದು ಅರಸರ ಕಾಲ. ಅರಮನೆಯ ಆಶ್ರಯದಿಂದ ಮೈಸೂರಿನಲ್ಲಿ ಕುಸ್ತಿ ಬಹುಕಾಲ ರಾಜಮರ್ಯಾದೆ ಪಡೆದಿತ್ತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಿತ್ತು. ಆ ಪದ್ಧತಿ ಅರಸೊತ್ತಿಗೆ ಅಳಿದ ನಂತರವೂ ಮುಂದುವರಿದಿದೆ. ದಸರಾ ಸಮಯದ ನಾಡಕುಸ್ತಿಗೆ ಸುತ್ತಲಿನ ಜಿಲ್ಲೆಗಳಿಂದ ಜೋಡಿಗಳು ಬರುತ್ತಿದ್ದವು. ನಗರದ ಹಳೆಯ ಬಡಾವಣೆಗಳಲ್ಲಿ ಬೀದಿಗೊಂದರಂತೆ ಗರಡಿಮನೆಗಳಿದ್ದವು.

ಗರಡಿಮನೆಯೆಂದರೆ ಬರಿಯ ವ್ಯಾಯಾಮಶಾಲೆಯಲ್ಲ. ತಲೆ ಬಾಗಿಸಿಯೇ ಒಳಗೆ ಹೋಗಬೇಕಾದಷ್ಟು ಗಿಡ್ಡ ಬಾಗಿಲು, ಮಂದ ಬೆಳಕು, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣನ್ನು ಅಗೆದು, ಎಣ್ಣೆ, ಅರಿಸಿನ ಬೆರೆಸಿ ಹದಗೊಳಿಸುವುದೂ ಪೈಲ್ವಾನರದೇ ಕೆಲಸ. ನಸುಕಿನಲ್ಲೆದ್ದು ದಂಡೆ, ಬಸ್ಕಿ ಹೊಡೆದು, ಸಾಮು ಮಾಡಿ, ವಸ್ತಾದರ ಕಣ್ಗಾವಲಿನಲ್ಲಿ ಪಟ್ಟುಗಳನ್ನು ಕಲಿಯಬೇಕು. ಹಾಲು, ತುಪ್ಪ, ಬಾದಾಮಿಗೆ ಹಣ ಹೊಂದಿಸಬೇಕು. ನಡತೆಯಲ್ಲಿ ಕಟ್ಟುನಿಟ್ಟಿರಬೇಕು. ಮಟ್ಟಿಗೆ ಇಳಿದವನು ಮೊದಲು ಮಣ್ಣಿಗೆ ನಮಸ್ಕರಿಸಿ, ಆ ಮಣ್ಣನ್ನು ಮೈಗೆ ಹಚ್ಚಿಕೊಂಡು, ಎದುರಾಳಿಯ ಕೈ ಮುಟ್ಟಬೇಕು. ಹೀಗೆ ಮಣ್ಣು ಮೆತ್ತಿದ ಮೇಲೆ ಯಾರ ಮೈ ಯಾವ ಮನೆತನದ್ದೆಂದು ತಿಳಿಯುವುದಿಲ್ಲ. ಶಂಕರ್ ಅವರ ತಾರುಣ್ಯ ರೂಪುಗೊಂಡದ್ದು ಇಂಥ ಶಿಸ್ತಿನಲ್ಲಿ.

ಈ ಸಂಸ್ಕೃತಿ ಕಲಬುರಗಿ ಸೀಮೆಗೂ ಹೊಸತಲ್ಲ. ಮೈಸೂರಿನವರು ಗರಡಿ ಎಂದದ್ದನ್ನು ಇಲ್ಲಿಯವರು ತಾಲೀಮು ಎಂದರು; ಅಲ್ಲಿಯ ವಸ್ತಾದ ಇಲ್ಲಿ ಉಸ್ತಾದನಾದ. ಊರ ಜಾತ್ರೆಯಲ್ಲಿ ತೇರು ಎಳೆದ ಮೇಲೆ ಜಂಗೀ ಕುಸ್ತಿ ನಡೆಯುವುದು, ಹುಡುಗರ ಜೋಡಿಗೆ ತೆಂಗಿನಕಾಯಿ ಪಣವಿಟ್ಟು ಆರಂಭವಾಗಿ ಬೆಳ್ಳಿ ಕಡದ ಕುಸ್ತಿಯೊಂದಿಗೆ ಮುಗಿಯುವುದು ಈ ಭಾಗದ ಹಳ್ಳಿಗಳ ಹಳೆಯ ರೂಢಿ. ಹನುಮನ ಭಕ್ತನೂ ಮುಸಲ್ಮಾನ ಪೈಲ್ವಾನನೂ ಒಂದೇ ಮಣ್ಣಿನಲ್ಲಿ ಸೆಣಸುವುದು ಇಲ್ಲಿ ಯಾರಿಗೂ ವಿಶೇಷವೆನಿಸಿದ್ದಿಲ್ಲ. ಆದ್ದರಿಂದ ತೆರೆಯ ಮೇಲೆ ಪೈಲ್ವಾನನೊಬ್ಬ ಕಾಣಿಸಿಕೊಂಡಾಗ ಅವನ ನಿಲುವು, ನಡೆ, ತೋಳು ತಟ್ಟುವ ರೀತಿ ನಿಜವಾದದ್ದೋ ನಟನೆಯೋ ಎಂದು ಅಳೆಯಲು ಈ ಭಾಗದ ಪ್ರೇಕ್ಷಕನಿಗೆ ಯಾರ ನೆರವೂ ಬೇಕಿರಲಿಲ್ಲ.

ಪೈಲ್ವಾನನಿಗೆ ಸಿನಿಮಾದಲ್ಲಿ ಏನು ಕೆಲಸ?

ಕ್ರೀಡಾಪಟುವಿನ ಕೀರ್ತಿಗೆ ಆಯುಷ್ಯ ಕಡಿಮೆ. ಇಪ್ಪತ್ತರ ಹರೆಯದಲ್ಲಿ ಏರಿದ ಹೆಸರು ಮೂವತ್ತು ದಾಟುವಷ್ಟರಲ್ಲಿ ಇಳಿಯತೊಡಗುತ್ತದೆ. ಅನಂತರ ಆ ಶರೀರವನ್ನಿಟ್ಟುಕೊಂಡು ಏನು ಮಾಡಬೇಕೆಂಬುದು ಎಲ್ಲ ಕಾಲದ, ಎಲ್ಲ ದೇಶದ ಪೈಲ್ವಾನರನ್ನು ಕಾಡಿದ ಪ್ರಶ್ನೆ. ಸಿನಿಮಾ ಬಂದ ಮೇಲೆ ಅದಕ್ಕೊಂದು ಉತ್ತರ ದೊರೆಯಿತು. 1924 ಮತ್ತು 1928ರ ಒಲಿಂಪಿಕ್ಸ್‌ಗಳಲ್ಲಿ ಈಜಿನಲ್ಲಿ ಒಟ್ಟು ಐದು ಚಿನ್ನದ ಪದಕ ಗೆದ್ದ ಅಮೆರಿಕದ ಜಾನಿ ವೈಸ್‌ಮುಲ್ಲರ್ 1932ರಲ್ಲಿ ಟಾರ್ಜನ್ ಆಗಿ ಜಗತ್ತಿಗೆಲ್ಲ ಪರಿಚಿತರಾದರು. ಭಾರತದಲ್ಲಿ ಕುಸ್ತಿಪಟು ದಾರಾ ಸಿಂಗ್ 1962ರ ‘ಕಿಂಗ್ ಕಾಂಗ್’ ಚಿತ್ರದಿಂದ ನಾಯಕನಟರಾದರು. ಕಾಲು ಶತಮಾನದ ಬಳಿಕ ದೂರದರ್ಶನದ ‘ರಾಮಾಯಣ’ದಲ್ಲಿ ಹನುಮಂತನಾಗಿ ಮನೆಮನೆಗೆ ತಲುಪಿದರು.

ಅದೇ 1962ರಲ್ಲಿ, ಹುಣಸೂರು ಕೃಷ್ಣಮೂರ್ತಿ ಅವರ ‘ರತ್ನಮಂಜರಿ’ಯ ಮೂಲಕ ಶಂಕರ್ ಕನ್ನಡ ಚಿತ್ರರಂಗಕ್ಕೆ ಕಾಲಿಟ್ಟರು. ಅದು ಜಾನಪದ, ಪೌರಾಣಿಕ ಕಥೆಗಳ ಕಾಲ. ಅಂಥ ಕಥೆಗಳಿಗೆ ರಾಕ್ಷಸರು, ಮಲ್ಲರು, ಕಾವಲುಭಟರು ಬೇಕು. ದೊಡ್ಡ ದೇಹದವನಿಗೆ ಅವಕಾಶಕ್ಕೆ ಬರವಿಲ್ಲ. ಆದರೆ ಆ ಅವಕಾಶದಲ್ಲಿ ಒಂದು ಅಪಾಯವೂ ಅಡಗಿದೆ. ನಾಯಕನ ಪರಾಕ್ರಮವನ್ನು ತೋರಿಸಲು ಅವನಿಗಿಂತ ಬಲಶಾಲಿಯಾದವನೊಬ್ಬ ಸೋಲಬೇಕು. ಮಟ್ಟಿಯಲ್ಲಿ ಎಂದೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳಬಾರದೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿದವನು ತೆರೆಯ ಮೇಲೆ ಹೇಳಿದ ಕ್ಷಣಕ್ಕೆ ಹೇಳಿದ ಕಡೆ ಬೀಳಬೇಕು. ಎಷ್ಟೋ ಕುಸ್ತಿಪಟುಗಳ ಚಿತ್ರಜೀವನ ಹೀಗೆ ಬೀಳುವುದರಲ್ಲೇ ಮುಗಿದಿದೆ. ಅವರ ಹೆಸರು ಪ್ರೇಕ್ಷಕರ ನೆನಪಿನಲ್ಲಿ ಉಳಿದಿಲ್ಲ.

ಶಂಕರ್ ಆ ಸಾಲಿಗೆ ಸೇರದೆ ಉಳಿದದ್ದು ಹೇಗೆಂಬುದೇ ಅವರ ಜೀವನದ ಮುಖ್ಯ ಸಂಗತಿ. ಅದಕ್ಕೆ ಮೂರು ಚಿತ್ರಗಳು ಸಾಕ್ಷಿಯಾಗಿವೆ.

ಸ್ಮಶಾನದ ಒಡೆಯ

ಮೊದಲನೆಯದು 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’. ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ ಅವರೇ. ರಾಜಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ. ಶಂಕರ್ ಅವರಿಗೆ ದೊರೆತದ್ದು ವೀರಬಾಹುವಿನ ಪಾತ್ರ. ಈ ಕಥೆ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಿಂದ ಮೊದಲುಗೊಂಡು ಕಂಪನಿ ನಾಟಕ, ಬಯಲಾಟಗಳವರೆಗೆ ಕನ್ನಡಿಗರಿಗೆ ಬಾಯಿಪಾಠವಾದದ್ದು. ಋಷಿಗೆ ಕೊಡಬೇಕಾದ ಹಣ ಹೊಂದಿಸಲು ರಾಜ್ಯ ಕಳೆದುಕೊಂಡ ಅರಸ ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ಕೊನೆಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಅವನನ್ನು ಕೊಂಡವನು ಸ್ಮಶಾನದ ಒಡೆಯ ವೀರಬಾಹು. ಚಕ್ರವರ್ತಿ ಸುಡುಗಾಡಿನ ಕಾವಲುಗಾರನಾಗುತ್ತಾನೆ.

ವೀರಬಾಹುವನ್ನು ಕ್ರೂರಿಯಾಗಿಯೋ ಹಾಸ್ಯದ ಕುಡುಕನಾಗಿಯೋ ಚಿತ್ರಿಸಿ ಮುಗಿಸಬಹುದಿತ್ತು. ಚಿತ್ರ ಹಾಗೆ ಮಾಡಲಿಲ್ಲ. ಅವನಿಗೊಂದು ಹಾಡು ಕೊಟ್ಟಿತು. ಘಂಟಸಾಲ ಅವರ ಕಂಠದಲ್ಲಿ, ಪೆಂಡ್ಯಾಲ ನಾಗೇಶ್ವರರಾವ್ ಅವರ ಸಂಗೀತದಲ್ಲಿ ಮೂಡಿದ ಆ ಹಾಡು, ಹುಟ್ಟಿನಿಂದ ಮನುಷ್ಯರನ್ನು ಮೇಲು–ಕೀಳೆಂದು ವಿಂಗಡಿಸುವ ರೂಢಿಯನ್ನು ನೇರವಾಗಿ ಪ್ರಶ್ನಿಸುತ್ತದೆ. ಪ್ರಶ್ನಿಸುತ್ತಿರುವವನು ಪಂಡಿತನಲ್ಲ, ಸಂನ್ಯಾಸಿಯಲ್ಲ. ಸಮಾಜ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದವನು ಅವನು. ಅರಸನೂ ಆಳೂ ಬೂದಿಯಾಗುವುದನ್ನು ದಿನವೂ ಕಾಣುವವನು. ಆ ಮಾತಿನ ಅಧಿಕಾರ ಅವನಿಗಲ್ಲದೆ ಇನ್ನಾರಿಗೆ?

ಆ ಹಾಡಿನ ದೃಶ್ಯದಲ್ಲಿ ಶಂಕರ್ ಅವರ ದೇಹ ಮಾಡಿದ ಕೆಲಸವನ್ನು ಗಮನಿಸಬೇಕು. ಗರಡಿಯಲ್ಲಿ ಬಲಿತ ಎದೆ, ತೋಳು ಅಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಯಾರಿಂದಲೂ ಹೊಡೆಸಿಕೊಳ್ಳುವುದಿಲ್ಲ. ಮೈಯೆಲ್ಲ ಕುಣಿಸಿ ಹಾಡಿಗೆ ಹೆಜ್ಜೆ ಹಾಕುತ್ತದೆ. ಬಲವಂತನೊಬ್ಬ ತನ್ನ ಬಲವನ್ನು ಬೆದರಿಕೆಗೆ ಬಳಸದೆ ಸಂತೋಷಕ್ಕೆ, ಸ್ವಾಭಿಮಾನಕ್ಕೆ ಬಳಸಿದ ಅಪರೂಪದ ದೃಶ್ಯವದು. ಬೇರೆ ನಟನೊಬ್ಬ ಆ ಜಾಗದಲ್ಲಿದ್ದಿದ್ದರೆ ಹಾಡು ಉಪದೇಶದಂತೆ ಕೇಳಿಸುವ ಸಾಧ್ಯತೆಯಿತ್ತು. ಶಂಕರ್ ಅವರ ಮೈಯಲ್ಲಿ ಅದು ಬದುಕಿನಿಂದಲೇ ಎದ್ದ ಮಾತಾಯಿತು. ಚಿತ್ರ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ನಾಯಕನ ಹಾಡುಗಳಷ್ಟೇ, ಕೆಲವೆಡೆ ಅವುಗಳಿಗಿಂತಲೂ ಹೆಚ್ಚಾಗಿ, ವೀರಬಾಹುವಿನ ಹಾಡು ಉಳಿದುಕೊಂಡಿತು.

ಕಲ್ಯಾಣದ ದಾರಿಯಲ್ಲಿ

ಈ ಹಾಡು ಕಲಬುರಗಿ ಭಾಗದಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಹೋದರೆ ತಲುಪುವುದು ಬಸವಕಲ್ಯಾಣವನ್ನು. ಹನ್ನೆರಡನೆಯ ಶತಮಾನದಲ್ಲಿ ಚಮ್ಮಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನ ಬೆಳೆದು, ಅದಕ್ಕಾಗಿ ಇಬ್ಬರೂ ಎಳೆಹೂಟೆಯ ಘೋರ ಶಿಕ್ಷೆ ಅನುಭವಿಸಿದರೆಂಬುದು ಶರಣ ಪರಂಪರೆ ಕಾಪಾಡಿಕೊಂಡು ಬಂದ ನೆನಪು. ಕಲಬುರಗಿ ನಗರವಂತೂ ಬಂದವರೆಲ್ಲರಿಗೂ ಅನ್ನವಿಟ್ಟ ಮಹಾದಾಸೋಹಿ ಶರಣಬಸವೇಶ್ವರರ ಊರು. ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುವ ಊರು. ಹುಟ್ಟಿನ ಹೆಮ್ಮೆಯನ್ನು ಪ್ರಶ್ನಿಸುವ ಮಾತು ಇಲ್ಲಿ ಹೊಸದೆನಿಸುವುದಿಲ್ಲ, ಮರೆತದ್ದನ್ನು ನೆನಪಿಸಿದಂತಾಗುತ್ತದೆ.

ಕಾಲವೂ ಅದಕ್ಕೆ ತಕ್ಕುದಾಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯಲ್ಲಿ, ಶಾಲೆಯಲ್ಲಿ ಉರ್ದುವಿಗೆ ಒಗ್ಗಿದ್ದ ಜನ ಕನ್ನಡದ ಆಡಳಿತಕ್ಕೆ ಬಂದು ಆಗಿನ್ನೂ ಒಂಬತ್ತು ವರ್ಷ. ಓದು ಬಾರದವರಿಗೂ ದಕ್ಷಿಣದ ಕನ್ನಡ ಕೇಳಿಸುತ್ತಿದ್ದದ್ದು ಚಿತ್ರಗಳ ಮೂಲಕ. ನಗರದ ಚಿತ್ರಮಂದಿರಗಳಲ್ಲಿ ಓಡಿದ ಚಿತ್ರಗಳು ಕೆಲವು ತಿಂಗಳು, ಕೆಲವೊಮ್ಮೆ ಕೆಲವು ವರ್ಷ ಕಳೆದು ಹಳ್ಳಿಗಾಡಿನ ಟೂರಿಂಗ್ ಟಾಕೀಸಿಗೆ ಬರುತ್ತಿದ್ದ ಕಾಲವದು. ಸುಗ್ಗಿ ಮುಗಿದ ಮೇಲೆ ನೆಲದ ಮೇಲೆ ಕುಳಿತು ಚಿತ್ರ ನೋಡುತ್ತಿದ್ದವರಿಗೆ ಹರಿಶ್ಚಂದ್ರನ ಕಷ್ಟ ಕಣ್ಣೀರು ತರಿಸಿದರೆ, ವೀರಬಾಹುವಿನ ಕುಣಿತ ಎದ್ದು ನಿಲ್ಲುವಂತೆ ಮಾಡುತ್ತಿತ್ತು.

ಕಾಡನ್ನು ತಂದ ನಿರ್ಮಾಪಕ

ಶಂಕರ್ ಅವರ ಒಲವು ಕ್ರಮೇಣ ಕಾಡಿನತ್ತ ಹೊರಳಿತು. 1969ರ ‘ಕಾಡಿನ ರಹಸ್ಯ’ ಅದರ ಮುನ್ಸೂಚನೆ. ಮೈಸೂರಿನವರಿಗೆ ಕಾಡು ದೂರವಲ್ಲ. ಒಂದೆಡೆ ಬಂಡೀಪುರ, ಇನ್ನೊಂದೆಡೆ ನಾಗರಹೊಳೆ, ಕಾಕನಕೋಟೆ. ಆನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ ಎಂಬ ಕಾರ್ಯಾಚರಣೆಗೆ ಕಾಕನಕೋಟೆ ದೇಶವಿದೇಶಗಳಲ್ಲಿ ಹೆಸರಾಗಿತ್ತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ ದೇಶದ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಬಂಡೀಪುರ ಒಂದಾಯಿತು. 1974ರಲ್ಲಿ ಕಬಿನಿ ಅಣೆಕಟ್ಟೆ ಪೂರ್ಣಗೊಂಡು ಕಾಕನಕೋಟೆಯ ಕಾಡಿನ ಒಂದು ಭಾಗ ನೀರಿನಡಿ ಸೇರಿತು. ಕಾಡೆಂದರೆ ಬೇಟೆ, ಮರ, ದಂತ ಎಂದು ತಿಳಿದಿದ್ದ ಸಮಾಜ, ಅದನ್ನು ಕಾಪಾಡಬೇಕೆಂದು ಮೊದಲ ಬಾರಿಗೆ ಕಾನೂನಿನ ಭಾಷೆಯಲ್ಲಿ ಹೇಳತೊಡಗಿದ ವರ್ಷಗಳವು.

ಆ ವರ್ಷಗಳ ನಟ್ಟನಡುವೆ, 1973ರಲ್ಲಿ, ಶಂಕರ್ ‘ಗಂಧದ ಗುಡಿ’ಯನ್ನು ನಿರ್ಮಿಸಿದರು. ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ. ರಾಜಕುಮಾರ್ ಅವರ 150ನೆಯ ಚಿತ್ರ. ಹಿಂದಿನ ವರ್ಷವಷ್ಟೇ ‘ನಾಗರಹಾವು’ ಚಿತ್ರದಿಂದ ಬೆಳಕಿಗೆ ಬಂದಿದ್ದ ವಿಷ್ಣುವರ್ಧನ್ ಮತ್ತು ಕಲ್ಪನಾ ಜೊತೆಗಿದ್ದರು. ನಾಯಕ ರಾಜನಲ್ಲ, ರೈತನಲ್ಲ. ಅರಣ್ಯ ಇಲಾಖೆಯ ಅಧಿಕಾರಿ. ಅವನ ಎದುರಾಳಿಗಳು ಮರ ಕಡಿಯುವವರು, ಪ್ರಾಣಿಗಳನ್ನು ಕೊಲ್ಲುವವರು. ಸರ್ಕಾರದ ಒಬ್ಬ ಸಾಮಾನ್ಯ ನೌಕರ ಕಾಡಿಗಾಗಿ ಪ್ರಾಣ ಒತ್ತೆಯಿಡುವುದನ್ನು ಜನಪ್ರಿಯ ಕಥೆಯಾಗಿಸುವುದು ಅಂದಿಗೆ ಸಣ್ಣ ಸಾಹಸವಲ್ಲ.

ನಿರ್ಮಾಪಕನ ದೃಷ್ಟಿಯಿಂದ ಅದು ಇನ್ನೂ ದೊಡ್ಡ ಸಾಹಸ. ಕನ್ನಡದಲ್ಲಿ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಬಳಿಕವೂ ಹಲವು ವರ್ಷ ಬಣ್ಣದ ಫಿಲ್ಮಿನ ವೆಚ್ಚಕ್ಕೆ ಹೆದರಿ ಬಹುಪಾಲು ಚಿತ್ರಗಳು ಕಪ್ಪು–ಬಿಳುಪಿನಲ್ಲೇ ತಯಾರಾಗುತ್ತಿದ್ದವು. ಸ್ಟುಡಿಯೋ ಬಿಟ್ಟು ಕಾಡಿಗೆ ಹೋದರೆ ಬೆಳಕು, ಮಳೆ, ಪ್ರಾಣಿಗಳು ಯಾವುದೂ ನಿರ್ದೇಶಕನ ಮಾತು ಕೇಳುವುದಿಲ್ಲ. ಭಾರದ ಕ್ಯಾಮೆರಾ, ದೀಪ, ಊಟ, ವಸತಿ ಎಲ್ಲವನ್ನೂ ಸಾಗಿಸಬೇಕು. ಮೈಸೂರು ಸೀಮೆಯ ಆ ಹಸುರನ್ನು ಕಪ್ಪು–ಬಿಳುಪಿನಲ್ಲಿ ತೋರಿಸಿದ್ದರೆ ಚಿತ್ರದ ಅರ್ಧ ಉದ್ದೇಶವೇ ಸೋಲುತ್ತಿತ್ತು. ಶಂಕರ್ ಬಣ್ಣವನ್ನೇ ಆರಿಸಿಕೊಂಡರು. ಪೈಲ್ವಾನ ತನ್ನ ಸಂಪಾದನೆಯನ್ನೂ ಹೆಸರನ್ನೂ ಒಂದೇ ಪಟ್ಟಿಗೆ ಒಡ್ಡಿದಂತಿತ್ತು ಆ ನಿರ್ಧಾರ.

ಚಿತ್ರ ಗೆದ್ದಿತು. ಅದರಲ್ಲಿ ಕನ್ನಡ ನುಡಿಯನ್ನೂ ನಾಡನ್ನೂ ಹೊಗಳುವ, ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ ಗೀತೆ ರಾಜ್ಯೋತ್ಸವದ ವೇದಿಕೆಗಳಲ್ಲಿ ಶಾಶ್ವತ ಸ್ಥಾನ ಪಡೆಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದದ್ದೂ ಅದೇ 1973ರ ನವೆಂಬರ್ 1ರಂದು. ತಮ್ಮ ಊರು ಮೈಸೂರೆಂಬ ಹೆಸರಿನ ರಾಜ್ಯದಲ್ಲಿದೆಯೆಂಬುದನ್ನು ಒಳಗೊಳಗೇ ಒಪ್ಪದಿದ್ದ ಉತ್ತರದ ಕನ್ನಡಿಗರಿಗೆ ಆ ಬದಲಾವಣೆ ಬಹುಕಾಲದ ಹಂಬಲದ ಈಡೇರಿಕೆ. ಮೈಸೂರಿನ ಪೈಲ್ವಾನನೊಬ್ಬ ನಿರ್ಮಿಸಿದ ಚಿತ್ರದ ಹಾಡು ಎಲ್ಲ ಕನ್ನಡಿಗರ ಹಾಡಾದದ್ದು ಹೀಗೆ.

1979ರಲ್ಲಿ ಇದೇ ಕಥೆ ಧರ್ಮೇಂದ್ರ ನಾಯಕರಾಗಿದ್ದ ‘ಕರ್ತವ್ಯ’ ಎಂಬ ಹಿಂದಿ ಚಿತ್ರವಾಯಿತು. ಕನ್ನಡದ ಕಾಡು ಹಿಂದಿಯ ಪ್ರೇಕ್ಷಕನನ್ನೂ ತಲುಪಿತು.

ನಾಲ್ಕು ಹೆಗಲು ಸಿಗದ ಭೂತಯ್ಯ

ಮೂರನೆಯ ಸಾಕ್ಷಿ 1974ರ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ಚಿತ್ರ. ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ ಚಿತ್ರೀಕರಣ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್. ಅಯ್ಯುವಿನ ತಂದೆ, ಸಾಲ ಕೊಟ್ಟು ಊರನ್ನೇ ಹಿಂಡುವ ಭೂತಯ್ಯನಾಗಿ ಶಂಕರ್.

ಭೂತಯ್ಯ ಚಿತ್ರದ ಉದ್ದಕ್ಕೂ ಬದುಕಿರುವುದಿಲ್ಲ. ಆದರೆ ಅವನು ಹೋದ ಮೇಲೂ ಚಿತ್ರದ ಮೇಲೆ ಅವನ ನೆರಳು ಬಿದ್ದೇ ಇರುತ್ತದೆ. ಶೀರ್ಷಿಕೆಯೇ ಅವನ ಹೆಸರಿನಿಂದ ಆರಂಭವಾಗುವುದು ಸುಮ್ಮನೆಯಲ್ಲ. ಇಲ್ಲಿ ಶಂಕರ್ ಅವರ ದೇಹ ಕುಸ್ತಿಗೆ ಇಳಿಯುವುದೇ ಇಲ್ಲ. ಅದರ ಅಗತ್ಯವೂ ಬರುವುದಿಲ್ಲ. ಆ ದೇಹ ಜಗಲಿಯ ಮೇಲೆ ಕುಳಿತಿದ್ದರೆ ಸಾಕು, ಎದುರು ನಿಂತ ಬಡವ ಕುಗ್ಗಿಹೋಗುತ್ತಾನೆ. ಸಾಲದ ಭಾರವೇ ಮನುಷ್ಯಾಕಾರ ತಳೆದಂತೆ ಅವರು ಕಾಣುತ್ತಾರೆ. ಸಾಲ, ಬಡ್ಡಿ, ಅಡವಿಟ್ಟ ಹೊಲದ ಸಂಕಟವನ್ನು ಬಲ್ಲ ಒಣಬೇಸಾಯದ ಈ ಸೀಮೆಯ ರೈತನಿಗೆ ಭೂತಯ್ಯ ಯಾರೆಂದು ವಿವರಿಸಬೇಕಾಗಿರಲಿಲ್ಲ.

ಅಂಥ ಭೂತಯ್ಯ ಸತ್ತಾಗ ಹೆಗಲು ಕೊಡಲು ಊರು ಮುಂದೆ ಬರುವುದಿಲ್ಲ. ಒಂಬತ್ತು ವರ್ಷಗಳ ಹಿಂದೆ ಸ್ಮಶಾನದ ಒಡೆಯನಾಗಿ ನಿಂತು, ಸಾವಿನ ಮುಂದೆ ಎಲ್ಲರೂ ಸಮಾನರೆಂದು ಸಾರಿದ ಅದೇ ನಟ, ಇಲ್ಲಿ ಸ್ಮಶಾನ ಸೇರಲು ನಾಲ್ವರು ಸಿಗದ ಸಿರಿವಂತನಾಗಿ ಮಲಗಿದ್ದರು. ಕೆಳಗಿನವನೆಂದು ಕರೆಸಿಕೊಂಡ ವೀರಬಾಹುವಿಗೆ ಜನರ ಪ್ರೀತಿ ಸಿಕ್ಕಿತು; ಮೇಲಿನವನೆಂದು ಬೀಗಿದ ಭೂತಯ್ಯನಿಗೆ ಹೆಣ ಹೊರುವವರೂ ದೊರೆಯಲಿಲ್ಲ. ಈ ಎರಡು ಪಾತ್ರಗಳನ್ನು ಜೊತೆಗಿಟ್ಟು ನೋಡಿದರೆ ಶಂಕರ್ ಅವರ ನಟನೆಯ ವ್ಯಾಪ್ತಿ ತಿಳಿಯುತ್ತದೆ. ಬಲವೆಂಬುದು ಮನುಷ್ಯನನ್ನು ಹೇಗೆ ದೊಡ್ಡವನಾಗಿಸಬಲ್ಲುದು, ಹೇಗೆ ಒಂಟಿಯಾಗಿಸಬಲ್ಲುದು ಎಂಬ ಎರಡನ್ನೂ ಒಂದೇ ಮೈಯಿಂದ ಅವರು ತೋರಿಸಿದರು.

ಕೊನೆಯ ವರ್ಷಗಳು

ಆಮೇಲಿನ ದಶಕಗಳಲ್ಲಿ ಕಾಲ ಬದಲಾಯಿತು. ಪೌರಾಣಿಕ ಚಿತ್ರಗಳು ವಿರಳವಾದವು. ಹೊಡೆದಾಟದ ದೃಶ್ಯಗಳಿಗೆ ಬೇರೆ ಬಗೆಯ ತರಬೇತಿ ಪಡೆದ ಸಾಹಸ ಕಲಾವಿದರು ಬಂದರು. ಗರಡಿಮನೆಗಳ ಜಾಗದಲ್ಲಿ ಕನ್ನಡಿ, ಕಬ್ಬಿಣದ ಯಂತ್ರಗಳ ಜಿಮ್‌ಗಳು ತೆರೆದವು. ಮೈಸೂರಿನಲ್ಲೂ ಕಲಬುರಗಿಯಲ್ಲೂ ಮಣ್ಣಿನ ಕುಸ್ತಿಗೆ ಇಳಿಯುವ ಹುಡುಗರ ಸಂಖ್ಯೆ ಇಳಿಯಿತು. ಹಬ್ಬ, ಜಾತ್ರೆಗಳ ನೆಪದಲ್ಲಿ ಮಾತ್ರ ಮಟ್ಟಿ ಮತ್ತೆ ಹದಗೊಳ್ಳತೊಡಗಿತು. 1994ರಲ್ಲಿ ವಿಜಯ್ ಅವರದೇ ನಿರ್ದೇಶನದಲ್ಲಿ ‘ಗಂಧದ ಗುಡಿ ಭಾಗ 2’ ಬಂದಾಗ, ಮೊದಲ ಚಿತ್ರದ ಅರಣ್ಯಾಧಿಕಾರಿಯ ಪರಂಪರೆ ಶಿವರಾಜ್‌ಕುಮಾರ್ ಅವರ ತಲೆಮಾರಿಗೆ ದಾಟಿತು.

2008ರ ಏಪ್ರಿಲ್‌ನಲ್ಲಿ ‘ಸತ್ಯ ಹರಿಶ್ಚಂದ್ರ’ ಡಿಜಿಟಲ್ ತಂತ್ರಜ್ಞಾನದಿಂದ ಬಣ್ಣ ತುಂಬಿಕೊಂಡು ಮರುಬಿಡುಗಡೆಯಾಯಿತು. ದಕ್ಷಿಣ ಭಾರತದಲ್ಲಿ ಹೀಗೆ ಬಣ್ಣ ಪಡೆದ ಮೊದಲ ಚಿತ್ರವದು. ನಾಲ್ಕು ದಶಕ ಕಳೆದ ಚಿತ್ರವನ್ನು ನೋಡಲು ಜನ ಮತ್ತೆ ಚಿತ್ರಮಂದಿರಗಳಿಗೆ ಬಂದರು. ಅಷ್ಟರಲ್ಲಿ ಹರಿಶ್ಚಂದ್ರನ ಪಾತ್ರಧಾರಿ ರಾಜಕುಮಾರ್ ತೀರಿಕೊಂಡು ಎರಡು ವರ್ಷವಾಗಿತ್ತು. ಪಂಢರಿಬಾಯಿ 2003ರಲ್ಲೂ, ಉದಯಕುಮಾರ್ 1985ರಲ್ಲೂ, ನರಸಿಂಹರಾಜು 1979ರಲ್ಲೂ ಅಗಲಿದ್ದರು. ಆ ಚಿತ್ರದ ಪ್ರಮುಖ ಪಾತ್ರಧಾರಿಗಳ ಪೈಕಿ ವೀರಬಾಹು ಮಾತ್ರ ಉಳಿದಿದ್ದರು. ಚಿತ್ರ ಬಣ್ಣದಲ್ಲಿ ಬಂದ ಮೂರನೆಯ ತಿಂಗಳಲ್ಲಿ ಅವರೂ ಹೊರಟುಹೋದರು. ಆಗ ಅವರಿಗೆ 72 ವರ್ಷ.

ಉಳಿದದ್ದೇನು

ಪೈಲ್ವಾನನ ದೇಹ ಉಳಿಯುವುದಿಲ್ಲ. ಅದನ್ನು ಗರಡಿಯ ವಸ್ತಾದರು ಮೊದಲ ದಿನವೇ ಹೇಳಿಕೊಡುತ್ತಾರೆ. ಗೆದ್ದ ಬೆಳ್ಳಿ ಕಡ ಮನೆಯ ಕಷ್ಟಕ್ಕೆ ಅಡವಾಗಬಹುದು, ಸೋತವನ ಹೆಸರಿನೊಂದಿಗೆ ಗೆದ್ದವನ ಹೆಸರೂ ಮರೆಯಾಗಬಹುದು. ಶಂಕರ್ ಮಟ್ಟಿಯಲ್ಲಿ ಎಷ್ಟು ಜೋಡಿ ಗೆದ್ದರೆಂಬುದನ್ನು ಲೆಕ್ಕ ಹಾಕುವವರಿಲ್ಲ. ಆದರೆ ವೀರಬಾಹುವಿನ ಹಾಡು ಮದುವೆ ಮಂಟಪದ ಆರ್ಕೆಸ್ಟ್ರಾದಲ್ಲಿ, ಸಂಘಟನೆಗಳ ಸಭೆಯಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ಕೇಳಿಸುತ್ತಲೇ ಇದೆ. ಜಾತಿಯ ಹೆಸರಿನ ಅವಮಾನ ಮುಗಿದುಹೋದ ಕಥೆಯಾಗಿಲ್ಲವಾದ್ದರಿಂದ ಆ ಹಾಡಿನ ಕೆಲಸವೂ ಮುಗಿದಿಲ್ಲ.

‘ಗಂಧದ ಗುಡಿ’ ಎಂಬ ಹೆಸರೂ ಉಳಿದಿದೆ. 2021ರಲ್ಲಿ ಅಕಾಲ ಮರಣಕ್ಕೀಡಾದ ಪುನೀತ್ ರಾಜಕುಮಾರ್ ಕರ್ನಾಟಕದ ಕಾಡು, ನದಿ, ಕಡಲುಗಳನ್ನು ಸುತ್ತಿ ಮಾಡಿದ ಸಾಕ್ಷ್ಯಚಿತ್ರ 2022ರ ಅಕ್ಟೋಬರ್‌ನಲ್ಲಿ ತೆರೆಕಂಡಾಗ ಹೊತ್ತಿದ್ದು ಅದೇ ಹೆಸರನ್ನು. ತಂದೆಯ 150ನೆಯ ಚಿತ್ರದ ಹೆಸರು ಮಗನ ಕೊನೆಯ ಚಿತ್ರಕ್ಕೂ ಒದಗಿತು. ಕಲಬುರಗಿ ಜಿಲ್ಲೆಯಲ್ಲಿಯೇ ಚಿಂಚೋಳಿಯ ಒಣ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾಗಿದೆ. ಬಿಸಿಲ ನಾಡೆಂದು ಹೆಸರಾದ ಈ ಸೀಮೆಗೂ ಕಾಯಬೇಕಾದ ಒಂದು ಕಾಡಿದೆ, ಅದನ್ನು ಕಾಯುವ ಅರಣ್ಯ ಸಿಬ್ಬಂದಿಯಿದ್ದಾರೆ. ಖಾಕಿ ತೊಟ್ಟ ಆ ನೌಕರನನ್ನು ಕನ್ನಡಿಗರು ಗೌರವದಿಂದ ನೋಡಲು ಕಲಿತದ್ದರಲ್ಲಿ 1973ರ ಆ ಚಿತ್ರಕ್ಕೂ ಪಾಲಿದೆ.

ಕಲಬುರಗಿಯಿಂದ ಹೊರಟ ಬಸ್ಸು ಕೆಂಪು ಬಾಳೆಗೆ ಹೆಸರಾದ ಕಮಲಾಪುರ ದಾಟಿ ಕಲ್ಯಾಣದ ದಾರಿ ಹಿಡಿಯುವಾಗ, ಈ ನೆಲದ ಹಳೆಯ ನೆನಪುಗಳೂ ಜೊತೆಯಲ್ಲಿ ಸಾಗುತ್ತವೆ. ಮೈಸೂರಿನ ಗರಡಿಯ ಕೆಮ್ಮಣ್ಣಿನಿಂದ ಎದ್ದು ಬಂದ ಪೈಲ್ವಾನನೊಬ್ಬ, ಮನುಷ್ಯರೆಲ್ಲ ಒಂದೇ ಎಂಬ ಆ ನೆನಪಿಗೆ ತನ್ನ ಮೈಯನ್ನೇ ಒಡ್ಡಿ ಒಂದು ಹಾಡು ಕುಣಿದುಹೋದ. ಎದುರಾಳಿಯನ್ನು ಚಿತ್ ಮಾಡುವುದಕ್ಕಿಂತ ಅದು ದೊಡ್ಡ ಗೆಲುವು. ಕಲಬುರಗಿ ಸೀಮೆ ಅವರನ್ನು ನೆನೆಯಬೇಕಾದದ್ದು ಆ ಗೆಲುವಿಗಾಗಿ.